ಅಂಗಡಿಯ ಕುಂಬಳದ ಸಿಹಿಯಲ್ಲಿ ಕುಂಬಳ ಎಷ್ಟು, ಸಕ್ಕರೆ ಎಷ್ಟು?

(ತಿ. ನರಸೀಪುರ ತಾಲ್ಲೂಕಿನ ಹೆಮ್ಮಿಗೆಯ ರೈತರು ಮತ್ತು ರೈತ ಮಹಿಳೆಯರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಾಠ)



ಹೆಮ್ಮಿಗೆಯ ರೈತನೊಬ್ಬನನ್ನು ಕಲ್ಪಿಸಿಕೊಳ್ಳಿ. ಗದ್ದೆಯ ಬದುವಿನ ಮೇಲೂ ತಿಪ್ಪೆಯ ಪಕ್ಕದಲ್ಲೂ ಹಬ್ಬಿದ ಸಿಹಿಗುಂಬಳದ ಬಳ್ಳಿಗಳಿಂದ ಹತ್ತು ಹದಿನೈದು ಕಾಯಿ ಇಳಿಸಿ ತಿ. ನರಸೀಪುರಕ್ಕೆ ಮಾರಲು ಒಯ್ದ. ಕಿಲೋಗೆ ಹತ್ತು ರೂಪಾಯಿ ಸಿಕ್ಕಿತೆಂದು ಇಟ್ಟುಕೊಳ್ಳಿ. ಹಿಂದಿರುಗುವಾಗ ಮಕ್ಕಳ ನೆನಪಾಗಿ ಬೇಕರಿಯಲ್ಲಿ ನೂರು ರೂಪಾಯಿ ಕೊಟ್ಟು ಕಾಲು ಕಿಲೋ ಕಾಶಿ ಹಲ್ವ ಕಟ್ಟಿಸಿಕೊಂಡು ಬಂದ. ಪೊಟ್ಟಣ ಬಿಚ್ಚಿದ ಹೆಂಡತಿ, "ಇದು ನಮ್ಮ ಕುಂಬಳಕಾಯೇ ಅಲ್ವೇನ್ರೀ? ಮನೇಲಿ ಇದ್ದದ್ದನ್ನ ಮಾರಿ, ಅದನ್ನೇ ದುಡ್ಡು ಕೊಟ್ಟು ತರಬೇಕಿತ್ತಾ?" ಎಂದು ಕೇಳಿದಳು.

ಅವಳ ಆಕ್ಷೇಪಣೆ ಅರ್ಧ ಸರಿ. ಹತ್ತು ಕಿಲೋ ಕಾಯಿ ಕೊಟ್ಟು ಕಾಲು ಕಿಲೋ ಸಿಹಿ ತಂದದ್ದು ನಿಜ. ಆದರೆ ತಂದದ್ದು ಅವರ ಕುಂಬಳಕಾಯಿಯಲ್ಲ. ಕಾಶಿ ಹಲ್ವ ಆಗುವುದು ಬೂದುಗುಂಬಳದಿಂದ. ಮಾರಿ ಬಂದದ್ದು ಸಿಹಿಗುಂಬಳ. ಹೆಸರಿನಲ್ಲಿ ಎರಡೂ ಕುಂಬಳವೇ ಆದರೂ ಪೌಷ್ಟಿಕಾಂಶದ ದೃಷ್ಟಿಯಿಂದ ಇವೆರಡರ ನಡುವೆ ಅಜಗಜಾಂತರವಿದೆ. ಇಂದಿನ ವಿಷಯದ ತಿರುಳು ಇದೇ.

ಬೂದುಗುಂಬಳ ಏಷ್ಯಾ ಖಂಡದ್ದೇ ಬೆಳೆ, ಬಹು ಪುರಾತನವಾದದ್ದು. ಸಿಹಿಗುಂಬಳದ ತವರು ಅಮೆರಿಕ ಖಂಡ. ಮೆಣಸಿನಕಾಯಿ, ಆಲೂಗೆಡ್ಡೆ, ಮುಸುಕಿನ ಜೋಳಗಳಂತೆ ಇದೂ ಕಡಲು ದಾಟಿ ಬಂದು, ಇಲ್ಲಿಯ ಹಿತ್ತಿಲುಗಳಲ್ಲಿ ಬೇರೂರಿ, ಹೊರಗಿನದೆಂಬ ಗುರುತೇ ಅಳಿಸಿಹೋಗುವಷ್ಟು ನಾಡಿನದಾಗಿದೆ. ಬಣ್ಣ ಒಂದನ್ನು ನೋಡಿದರೂ ಸಾಕು, ಎರಡರ ವ್ಯತ್ಯಾಸ ತಿಳಿಯುತ್ತದೆ. ಬೂದುಗುಂಬಳದ ತಿರುಳು ಬಿಳಿ, ಸಿಹಿಗುಂಬಳದ್ದು ಹಳದಿಯಿಂದ ಕಡು ಕಿತ್ತಳೆಯವರೆಗೆ. ಈ ಕಿತ್ತಳೆ ಬಣ್ಣವೇ ಕ್ಯಾರೊಟೀನ್. ದೇಹವು ಅದನ್ನು ಜೀವಸತ್ವ 'ಎ' ಆಗಿ ಮಾರ್ಪಡಿಸಿಕೊಳ್ಳುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು ಪ್ರಕಟಿಸಿದ ಆಹಾರ ಮೌಲ್ಯದ ಪಟ್ಟಿಗಳ ಪ್ರಕಾರ 100 ಗ್ರಾಂ ಬೂದುಗುಂಬಳದಲ್ಲಿ 96.5 ಗ್ರಾಂ ನೀರು. ಉಳಿದ ಮೂರೂವರೆ ಗ್ರಾಮಿನಲ್ಲಿ ಸಸಾರಜನಕ 0.4 ಗ್ರಾಂ, ಶರ್ಕರಪಿಷ್ಟ 1.9 ಗ್ರಾಂ, ಮಿಕ್ಕದ್ದು ನಾರು ಮತ್ತು ಖನಿಜ. ದೊರೆಯುವ ಶಕ್ತಿ ಕೇವಲ 10 ಕ್ಯಾಲೊರಿ. ಸಿಹಿಗುಂಬಳದಲ್ಲಿ ನೀರು 92.6 ಗ್ರಾಂ, ಸಸಾರಜನಕ 1.4 ಗ್ರಾಂ, ಶರ್ಕರಪಿಷ್ಟ 4.6 ಗ್ರಾಂ, ಶಕ್ತಿ 25 ಕ್ಯಾಲೊರಿ. ಎರಡೂ ಹಗುರವಾದ ತರಕಾರಿಗಳೇ. ಬೇಸಿಗೆಯಲ್ಲಿ ಬೂದುಗುಂಬಳದ ಮಜ್ಜಿಗೆಹುಳಿ ಉಂಡವರಿಗೆ ಅದರ ಹಿತ ಗೊತ್ತು. ತೂಕ ಇಳಿಸಬೇಕಾದವರಿಗೂ, ಸಕ್ಕರೆ ಕಾಯಿಲೆಯವರಿಗೂ ಅದು ಒಳ್ಳೆಯ ತರಕಾರಿ. ಆದರೆ ಅದೇ ಕಾಯಿ ಹಲ್ವ ಆದಾಗ ಏನಾಗುತ್ತದೆ?

ಮಾಡುವ ಕ್ರಮವನ್ನು ಗಮನಿಸಿ. ಕಾಯಿಯನ್ನು ತುರಿಯುತ್ತಾರೆ. ತುರಿಯನ್ನು ಬಟ್ಟೆಯಲ್ಲಿ ಕಟ್ಟಿ ಹಿಂಡುತ್ತಾರೆ. ಆ ನೀರನ್ನು ಚೆಲ್ಲಿದರೆ ಅದರೊಡನೆ ಕರಗುವ ಖನಿಜಗಳೂ ಜೀವಸತ್ವ 'ಸಿ'ಯೂ ಬಹುಮಟ್ಟಿಗೆ ಹೋದಂತೆಯೇ. ಉಳಿದ 'ಸಿ' ಬಹಳ ಹೊತ್ತಿನ ಕಾವಿನಲ್ಲಿ ನಾಶವಾಗುತ್ತದೆ. ಬಾಣಲೆಯಲ್ಲಿ ಉಳಿಯುವುದು ಹೆಚ್ಚಾಗಿ ನಾರು. ಅದಕ್ಕೆ ಸಕ್ಕರೆ, ತುಪ್ಪ ಅಥವಾ ವನಸ್ಪತಿ, ಏಲಕ್ಕಿ, ಗೋಡಂಬಿ, ಮತ್ತು ಬಣ್ಣ.

ಈಗ ಲೆಕ್ಕ. ಒಂದು ಕಿಲೋ ತುರಿಗೆ ಅರ್ಧ ಕಿಲೋ ಸಕ್ಕರೆ, 150 ಗ್ರಾಂ ತುಪ್ಪ ಹಾಕಿದರೆಂದು ಹಿಡಿಯೋಣ. ಇದೇನೂ ಅತಿ ಸಿಹಿಯ ಅಳತೆಯಲ್ಲ. ತುರಿಯಿಂದ ಹೆಚ್ಚೆಂದರೆ 100 ಕ್ಯಾಲೊರಿ. ಸಕ್ಕರೆಯಿಂದ 2,000. ತುಪ್ಪದಿಂದ 1,350. ಒಟ್ಟು 3,450. ಇಳಿಸಿದ ಹಲ್ವ ಸುಮಾರು ಒಂದು ಕಿಲೋ ತೂಗಿದರೆ, 100 ಗ್ರಾಂ ಹಲ್ವದಲ್ಲಿ 345 ಕ್ಯಾಲೊರಿ, 50 ಗ್ರಾಂ ಸಕ್ಕರೆ, 15 ಗ್ರಾಂ ಜಿಡ್ಡು. ಶಕ್ತಿಯ ನೂರು ಪಾಲಿನಲ್ಲಿ ಕುಂಬಳದ್ದು ಮೂರು ಪಾಲೂ ಇಲ್ಲ. ಜೀವಸತ್ವ 'ಎ' ಏನಾದರೂ ಇದ್ದರೆ ಅದು ತುಪ್ಪದ್ದೇ ಹೊರತು ಕಾಯಿಯದ್ದಲ್ಲ. ತುಪ್ಪದ ಬದಲು ಅಗ್ಗದ ಎಣ್ಣೆಯಲ್ಲಿ ಮಾಡಿದ್ದರೆ ಆ ಭಾಗ್ಯವೂ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ನೀಡಿದ ಸಲಹೆಯಂತೆ, ಸೇರಿಸಿದ ಸಕ್ಕರೆಯಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ ಶೇಕಡಾ 10ನ್ನು ಮೀರಬಾರದು. 2,000 ಕ್ಯಾಲೊರಿ ಉಣ್ಣುವವರಿಗೆ ಇದು 50 ಗ್ರಾಂ. ಶೇಕಡಾ 5ಕ್ಕೆ, ಅಂದರೆ 25 ಗ್ರಾಮಿಗೆ ಇಳಿಸಿದರೆ ಇನ್ನೂ ಒಳ್ಳೆಯದೆಂದೂ ಸಂಸ್ಥೆ ಹೇಳಿದೆ. 100 ಗ್ರಾಂ ಹಲ್ವ ತಿಂದವರು, ಕಾಫಿ ಟೀಗೆ ಒಂದು ಚಮಚೆಯನ್ನೂ ಹಾಕಿಕೊಳ್ಳುವ ಮೊದಲೇ, ದಿನದ ಮಿತಿಯನ್ನು ಮುಗಿಸಿರುತ್ತಾರೆ. ಸಣ್ಣ ಮಗುವಿನ ಊಟ ಇದಕ್ಕಿಂತ ಕಡಿಮೆಯಾದ್ದರಿಂದ ಅದರ ಮಿತಿಯೂ ಕಡಿಮೆ. 50 ಗ್ರಾಮಿನ ಒಂದು ತುಂಡಿನಲ್ಲೇ ಆರು ಟೀ ಚಮಚೆಯಷ್ಟು ಸಕ್ಕರೆ ಇದೆ.

"ಮೈಮುರಿದು ದುಡಿಯುವವರಿಗೆ ಸಕ್ಕರೆ ಏನು ಮಾಡೀತು?" ಎಂಬ ಮಾತು ಹಳ್ಳಿಗಳಲ್ಲಿ ಕೇಳಿಬರುತ್ತದೆ. ದುಡಿಮೆಯ ಸ್ವರೂಪ ಬದಲಾಗಿದೆ. ಉಳುವುದು ಟ್ರ್ಯಾಕ್ಟರು, ಕೊಯ್ಯುವುದು ಯಂತ್ರ, ಹೊಲಕ್ಕೆ ಹೋಗುವುದು ಮೋಟಾರ್ ಸೈಕಲ್ಲು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಸುಮಾರು 10 ಕೋಟಿ ಮಂದಿಗೆ ಸಕ್ಕರೆ ಕಾಯಿಲೆ ಇದೆ. ಗ್ರಾಮಾಂತರದ ವಯಸ್ಕರಲ್ಲೂ ಇದು ಶೇಕಡಾ 8.9ರಷ್ಟು. ಪಟ್ಟಣದವರ ರೋಗ ಎಂದು ಬದಿಗಿಡುವ ಕಾಲ ಕಳೆದಿದೆ.

ಇನ್ನು ಬಣ್ಣದ ಮಾತು. ಬಿಳಿ ಕಾಯಿಯಿಂದ ಮಾಡಿದ ಹಲ್ವ ಕೇಸರಿ ಬಣ್ಣಕ್ಕೆ ಹೇಗೆ ತಿರುಗಿತು? ಹಿಂದೆ ಉಳ್ಳವರ ಮನೆಗಳಲ್ಲಿ ಕೇಸರಿ ದಳ ಹಾಕುತ್ತಿದ್ದರು. ಅದರ ಬೆಲೆಗೆ ಅಂಗಡಿಯಲ್ಲಿ ಅದನ್ನು ನಿರೀಕ್ಷಿಸುವಂತಿಲ್ಲ. ಅಲ್ಲಿ ಹಾಕುವುದು ಸಾಮಾನ್ಯವಾಗಿ ಕೃತಕ ಬಣ್ಣ. ಕಾನೂನು ಕೆಲವು ಬಣ್ಣಗಳನ್ನು ಮಾತ್ರ, ಅದೂ ಕಿಲೋಗೆ 100 ಮಿಲಿಗ್ರಾಮಿನ ಮಿತಿಯೊಳಗೆ, ಒಪ್ಪುತ್ತದೆ. ಮೆಟಾನಿಲ್ ಯೆಲ್ಲೊ ಎಂಬ ಹಳದಿ ಬಟ್ಟೆಬಣ್ಣ ಪೂರ್ಣ ನಿಷಿದ್ಧ. ಅನುಮತಿ ಪಡೆದ ಬಣ್ಣವೇ ಇರಲಿ, ಅದರಲ್ಲಿ ಪೋಷಣೆ ಇಲ್ಲ. ತಾಯಿಯೊಬ್ಬಳು ಕೇಸರಿ ಬಣ್ಣದ ತುಂಡನ್ನು ಮಗುವಿನ ಕೈಗಿಟ್ಟು, ಕುಂಬಳ ಕಣ್ಣಿಗೆ ಒಳ್ಳೆಯದು ಎಂದುಕೊಂಡರೆ, ಅದು ಬಣ್ಣ ಕಂಡು ಮೋಸಹೋದಂತೆ. ಕಣ್ಣಿಗೆ ಒಳ್ಳೆಯದಾದ ಬಣ್ಣ ಆ ದಿನ ಬೆಳಗ್ಗೆಯೇ ಗಾಡಿಯಲ್ಲಿ ಪೇಟೆಗೆ ಹೋಗಿರುತ್ತದೆ.

ಇದು ಸಣ್ಣ ವಿಷಯವಲ್ಲ. ಜೀವಸತ್ವ 'ಎ' ಕೊರತೆಯಿಂದ ಮಕ್ಕಳಿಗೆ ಇರುಳುಗಣ್ಣು ಬರುತ್ತದೆ, ಕಣ್ಣಿನ ಬಿಳಿಯ ಭಾಗ ಒಣಗಿ ನೊರೆಯಂಥ ಮಚ್ಚೆ ಮೂಡುತ್ತದೆ, ಅಲಕ್ಷಿಸಿದರೆ ದೃಷ್ಟಿಯೇ ಹೋಗಬಹುದು. ರೋಗ ನಿರೋಧ ಶಕ್ತಿಯೂ ಕುಗ್ಗುತ್ತದೆ. ಈ ಕಾರಣಕ್ಕಾಗಿಯೇ 1970ರಲ್ಲಿ ಮಕ್ಕಳಿಗೆ ಜೀವಸತ್ವ 'ಎ' ದ್ರಾವಣ ಕುಡಿಸುವ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ದ್ರಾವಣವನ್ನು ತಪ್ಪದೆ ಕುಡಿಸಬೇಕು. ಆದರೆ ಅದು ಆರು ತಿಂಗಳಿಗೊಮ್ಮೆಯ ಮಾತು, ಊಟ ದಿನದಿನದ ಮಾತು. 4ರಿಂದ 6 ವರ್ಷದ ಮಗುವಿಗೆ ದಿನಕ್ಕೆ 510 ಮೈಕ್ರೋಗ್ರಾಂ ಜೀವಸತ್ವ 'ಎ' ಬೇಕೆಂದು 2020ರ ಭಾರತೀಯ ಶಿಫಾರಸು ಹೇಳುತ್ತದೆ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯಲ್ಲಿ 100 ಗ್ರಾಂ ಹಸಿ ಸಿಹಿಗುಂಬಳಕ್ಕೆ 426 ಮೈಕ್ರೋಗ್ರಾಂ ಕೊಟ್ಟಿದ್ದಾರೆ, ಬೇಯಿಸಿ ನೀರು ಬಸಿದದ್ದಕ್ಕೆ 288.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಎಲ್ಲ ಸಿಹಿಗುಂಬಳವೂ ಒಂದೇ ಅಲ್ಲ. ಭಾರತದ ಹಳೆಯ ಪಟ್ಟಿಗಳಲ್ಲಿ ಸಿಹಿಗುಂಬಳದ ಕ್ಯಾರೊಟೀನ್ ತೀರಾ ಕಡಿಮೆಯೆಂದು ದಾಖಲಾಗಿದೆ. ತಳಿ, ಬಲಿತ ಮಟ್ಟ, ತಿರುಳಿನ ಬಣ್ಣ, ಇವುಗಳಿಗೆ ತಕ್ಕಂತೆ ಅಂಕೆಗಳು ಬಹಳ ಏರಿಳಿಯುತ್ತವೆ. ಹೆಚ್ಚಿ ನೋಡಿದಾಗ ತಿರುಳು ಮಾಸಲು ಹಳದಿಯಾಗಿದ್ದರೆ ಅದು ಹೊಟ್ಟೆ ತುಂಬಿಸುವ ಕಾಯಿ. ಕಡು ಕಿತ್ತಳೆಯಾಗಿದ್ದರೆ ಕಣ್ಣಿಗೂ ಆಗುವ ಕಾಯಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಚಂದನ್ ಎರಡು ಮೂರು ಕಿಲೋ ತೂಗುವ, ಕಿತ್ತಳೆ ತಿರುಳಿನ, ಕ್ಯಾರೊಟೀನ್ ಹೆಚ್ಚಿರುವ ತಳಿ. ಅದೇ ಸಂಸ್ಥೆಯ ಅರ್ಕಾ ಸೂರ್ಯಮುಖಿ ಸುಮಾರು ಒಂದು ಕಿಲೋ ತೂಗುವ ಚಿಕ್ಕ ಕಾಯಿ. ಸಣ್ಣ ಸಂಸಾರಕ್ಕೆ ಒಂದೇ ಹೊತ್ತಿಗೆ ಮುಗಿಯುತ್ತದೆ, ಹಣ್ಣುನೊಣವನ್ನೂ ಮಟ್ಟಿಗೆ ತಡೆಯುತ್ತದೆ. ಮನೆಗೆಂದು ನಾಲ್ಕು ಗುಣಿ ಹಾಕುವವರು ತೂಕದ ಆಸೆ ಬಿಟ್ಟು ತಿರುಳಿನ ಬಣ್ಣ ನೋಡಿ ಬೀಜ ಆರಿಸುವುದು ಮೇಲು.

ಕಾಯಿಯನ್ನು ಪೂರ್ತಿ ಬಲಿಯಲು ಬಿಡಬೇಕು. ತೊಟ್ಟು ಒಣಗಿ ಗಟ್ಟಿಯಾದಾಗ, ಉಗುರು ಚುಚ್ಚಿದರೆ ಸಿಪ್ಪೆ ತೂತಾಗದಿದ್ದಾಗ ಎರಡು ಅಂಗುಲ ತೊಟ್ಟು ಸಹಿತ ಕೊಯ್ಯಬೇಕು. ತೊಟ್ಟು ಮುರಿದ ಕಾಯಿ ಅಲ್ಲಿಂದಲೇ ಕೊಳೆಯುತ್ತದೆ. ಗಾಳಿಯಾಡುವ, ಒದ್ದೆಯಿಲ್ಲದ ಜಾಗದಲ್ಲಿ ಹುಲ್ಲಿನ ಮೇಲೆ, ಒಂದರ ಮೇಲೊಂದು ಪೇರಿಸದೆ ಇಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಹಿಂದಿನವರು ಅಟ್ಟದಲ್ಲಿ ಸಾಲಾಗಿ ಇಡುತ್ತಿದ್ದುದು ಸುಮ್ಮನೆ ಅಲ್ಲ. ಶೀತಲ ಗೃಹವಿಲ್ಲದೆ ಇಷ್ಟು ದಿನ ಉಳಿಯುವ ತರಕಾರಿ ಕಡಿಮೆ. ಬೆಲೆ ಬಿದ್ದ ವಾರವೇ ಎಲ್ಲವನ್ನೂ ಮಾರಬೇಕಾದ ತುರ್ತು ಟೊಮ್ಯಾಟೊ ಬೆಳೆದವನಿಗೆ ಇದೆ, ಕುಂಬಳ ಬೆಳೆದವನಿಗಿಲ್ಲ. ಟೊಮ್ಯಾಟೊ ಎಂದಾಗ ನೆನಪಾಗುವ ಸಂಗತಿಯೊಂದುಂಟು. ಅಗ್ಗದ ಟೊಮ್ಯಾಟೊ ಸಾಸಿಗೆ ಕುಂಬಳದ ತಿರುಳು ಬೆರೆಸಿ, ಬಣ್ಣ ಹಾಕಿ ಮಾರುವುದು ಕಲಬೆರಕೆಯ ಹಳೆಯ ವಿಧಾನಗಳಲ್ಲಿ ಒಂದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳಬೇಕಾದವರು ಅಲ್ಲೂ ಇದ್ದಾರೆ.

ಕುಂಬಳದ ಸಿಹಿ ಎಂದೊಡನೆ, ಮಕ್ಕಳು ಅಮೆರಿಕದಲ್ಲಿರುವ ಮನೆಗಳವರಿಗೆ ಪಂಪ್ಕಿನ್ ಪೈ ನೆನಪಿಗೆ ಬರಬಹುದು. ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಅಲ್ಲಿಯವರು ಆಚರಿಸುವ ಸುಗ್ಗಿಯ ಹಬ್ಬದಲ್ಲಿ ಇದು ಇರಲೇಬೇಕು. ಮೈದಾ ಹಿಟ್ಟಿಗೆ ಕೊಬ್ಬು ಕಲಸಿ ತಟ್ಟೆಯಾಕಾರದ ತಳ ಮಾಡಿ, ಕುಂಬಳದ ತಿರುಳು, ಹಾಲು, ಮೊಟ್ಟೆ, ಸಕ್ಕರೆ, ಚಕ್ಕೆ, ಶುಂಠಿ ಸೇರಿಸಿದ ಹೂರಣ ಸುರಿದು ಒಲೆಪೆಟ್ಟಿಗೆಯಲ್ಲಿ ಬೇಯಿಸುತ್ತಾರೆ. ಅಲ್ಲಿಯ ಕಾರ್ಖಾನೆಗಳು ಡಬ್ಬಿಗೆ ತುಂಬುವ ಕುಂಬಳ ಬಹುತೇಕ ಇಲ್ಲಿಯ ಸಿಹಿಗುಂಬಳದ ಜಾತಿಯದೇ. ಅಂಗಡಿಯಲ್ಲಿ ಸಿಗುವ ಪೈಯ 133 ಗ್ರಾಮಿನ ಒಂದು ತುಂಡಿಗೆ ಅಲ್ಲಿಯ ಕೃಷಿ ಇಲಾಖೆ ಕೊಡುವ ಅಂಕೆಗಳು ಹೀಗಿವೆ: ಸುಮಾರು 320 ಕ್ಯಾಲೊರಿ, 25 ಗ್ರಾಂ ಸಕ್ಕರೆ, 13 ಗ್ರಾಂ ಜಿಡ್ಡು, 5 ಗ್ರಾಂ ಸಸಾರಜನಕ, 320 ಮಿಲಿಗ್ರಾಂ ಸೋಡಿಯಂ. ಕಿತ್ತಳೆ ತಿರುಳಿನಿಂದ ಮಾಡಿದ್ದಾದ್ದರಿಂದ ಜೀವಸತ್ವ 'ಎ' ಅದರಲ್ಲಿ ಒಳ್ಳೆಯ ಪ್ರಮಾಣದಲ್ಲೇ ಇದೆ. ಅದನ್ನು ಆರೋಗ್ಯದ ತಿಂಡಿ ಎನ್ನಲಾಗದು, ಮೈದಾ ಮತ್ತು ಕೊಬ್ಬಿನ ಪಾಲು ದೊಡ್ಡದು. ಆದರೂ ಅದೇ ತೂಕದ ಕಾಶಿ ಹಲ್ವದಲ್ಲಿ ಮೇಲಿನ ಲೆಕ್ಕದಂತೆ ಸಕ್ಕರೆ 66 ಗ್ರಾಂ. ಪರದೇಶದ ತಿಂಡಿಯನ್ನು ಹಳಿಯುವ ಮುಂಚೆ ಈ ಅಂಕೆಯನ್ನು ನೋಡಬೇಕು.

ಅಂಗಡಿಯವರು ಸಕ್ಕರೆ ಸುರಿಯುವುದು ಕೇವಲ ರುಚಿಗಲ್ಲ. ಸಕ್ಕರೆ ನೀರನ್ನು ಹಿಡಿದಿಡುತ್ತದೆ, ಬೂಷ್ಟು ಮತ್ತು ಸೂಕ್ಷ್ಮಜೀವಿಗಳಿಗೆ ಅದು ದಕ್ಕುವುದಿಲ್ಲ, ತಿಂಡಿ ಬಹುದಿನ ಕೆಡುವುದಿಲ್ಲ. ಆಗ್ರಾದ ಪೇಠಾ ಕೂಡ ಬೂದುಗುಂಬಳವೇ. ಸುಣ್ಣದ ನೀರಿನಲ್ಲಿ ನೆನೆಸಿ, ಪಾಕದಲ್ಲಿ ಕುದಿಸಿ, ಕಾಯಿಯ ನೀರಿನ ಜಾಗಕ್ಕೆಲ್ಲ ಸಕ್ಕರೆ ತುಂಬಿದ್ದು. ವ್ಯಾಪಾರಿಗೆ ಅದು ಅನುಕೂಲ. ಅದನ್ನು ತಪ್ಪೆನ್ನುವಂತಿಲ್ಲ, ತಿನ್ನುವವನಿಗೆ ತಿಳಿದಿರಬೇಕು ಅಷ್ಟೆ.

ತಿಳಿಯುವ ದಾರಿ ಪೊಟ್ಟಣದ ಮೇಲೆಯೇ ಇದೆ. ಮೊಹರು ಮಾಡಿದ ಪೊಟ್ಟಣವಾದರೆ ಒಳಗಿನ ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆಯ ಕ್ರಮದಲ್ಲಿ ಅಚ್ಚು ಹಾಕಬೇಕೆಂದು ಕಾನೂನಿದೆ. ಮೊದಲ ಹೆಸರು ಸಕ್ಕರೆ, ಎರಡನೆಯದು ಕುಂಬಳ ಎಂದಿದ್ದರೆ ಅದು ಕುಂಬಳ ಬೆರೆಸಿದ ಸಕ್ಕರೆ. ಕೆಳಗೆ 100 ಗ್ರಾಮಿಗೆ ಶಕ್ತಿ, ಸಸಾರಜನಕ, ಶರ್ಕರಪಿಷ್ಟ, ಒಟ್ಟು ಸಕ್ಕರೆ, ಸೇರಿಸಿದ ಸಕ್ಕರೆ, ಜಿಡ್ಡು, ಸೋಡಿಯಂ ಇವುಗಳ ಅಂಕೆ ಇರುತ್ತದೆ. 'ಒಂದು ಸಲದ ಪ್ರಮಾಣ' ಎಂದು 20 ಅಥವಾ 25 ಗ್ರಾಮಿನ ಲೆಕ್ಕವನ್ನು ದೊಡ್ಡದಾಗಿ ತೋರಿಸಿದ್ದರೆ ಅದಕ್ಕೆ ಮರುಳಾಗಬಾರದು. ಯಾರೂ 20 ಗ್ರಾಂ ತೂಗಿ ತಿನ್ನುವುದಿಲ್ಲ. 102 ಮತ್ತು 110 ಎಂಬ ಸಂಖ್ಯೆಗಳು ಕೃತಕ ಹಳದಿ ಬಣ್ಣಗಳ ಗುರುತು. ಹೈಡ್ರೋಜನೀಕರಿಸಿದ ಸಸ್ಯಜನ್ಯ ಕೊಬ್ಬು ಎಂದಿದ್ದರೆ ಅದು ವನಸ್ಪತಿ. ಹೃದಯಕ್ಕೆ ಹಾನಿಕರವಾದ ಟ್ರಾನ್ಸ್ ಕೊಬ್ಬನ್ನು 2022ರ ಜನವರಿಯಿಂದ ಎಣ್ಣೆ ಕೊಬ್ಬುಗಳಲ್ಲಿ ಶೇಕಡಾ 2ಕ್ಕೆ ಮಿತಿಗೊಳಿಸಲಾಗಿದೆ. ಬಿಡಿಯಾಗಿ ತೂಗಿ ಕೊಡುವ ಸಿಹಿಗೆ ಈ ಪಟ್ಟಿ ಇರುವುದಿಲ್ಲ. ಅಲ್ಲಿ ಕೇಳಿ ತಿಳಿಯಬೇಕು: ಯಾವ ಕುಂಬಳ, ಯಾವ ಜಿಡ್ಡು, ಮಾಡಿ ಎಷ್ಟು ದಿನವಾಯಿತು? ಕೇಳುವುದಕ್ಕೆ ಸಂಕೋಚ ಬೇಡ. ಬೀಜ ಗೊಬ್ಬರ ಕೊಳ್ಳುವಾಗ ಚೀಲ ತಿರುಗಿಸಿ ಓದುವ ರೈತ, ಮಗುವಿನ ಬಾಯಿಗೆ ಹೋಗುವುದನ್ನು ಓದದೆ ಕೊಳ್ಳುವುದು ವಿಚಿತ್ರ.

ಹಾಗಾದರೆ ಸಿಹಿ ತಿನ್ನಲೇಬಾರದೇ? ಹಬ್ಬ ಹರಿದಿನ ಇರುವ ನಾಡಿನಲ್ಲಿ ಅಂಥ ಬೋಧನೆ ನಿಲ್ಲದು. ಸಿಹಿಗುಂಬಳದ್ದೇ ಸಿಹಿ ಮಾಡಬಹುದು, ಅದೂ ಹೊಸದೇನಲ್ಲ. ಉತ್ತರ ಕರ್ನಾಟಕದ ಕುಂಬಳಕಾಯಿ ಗಾರಿಗೆ ಇದೆ. ಅದು ಎಣ್ಣೆಯಲ್ಲಿ ಕರಿದದ್ದು, ಆದ್ದರಿಂದ ಅಪರೂಪಕ್ಕೆ ಸರಿ. ಅದಕ್ಕಿಂತ ಕಡುಬು ಉತ್ತಮ. ಒಂದು ಕಿಲೋ ಕಿತ್ತಳೆ ತಿರುಳಿನ ತುರಿ, ಅರ್ಧ ಕಿಲೋ ಅಕ್ಕಿತರಿ, ಕಾಲು ಕಿಲೋ ಬೆಲ್ಲ, 100 ಗ್ರಾಂ ತೆಂಗಿನ ತುರಿ, ಚಿಟಿಕೆ ಉಪ್ಪು, ಏಲಕ್ಕಿ. ತುರಿಯನ್ನು ಹಿಂಡಬಾರದು, ಅದರ ನೀರಿನಲ್ಲೇ ತರಿ ನೆನೆಯುತ್ತದೆ. ಬಾಳೆಲೆಯಲ್ಲಿ ಮಡಿಸಿ ಹಬೆಯಲ್ಲಿ ಬೇಯಿಸಬೇಕು. ಸುಮಾರು 1,800 ಗ್ರಾಂ ಕಡುಬು ಆಗುತ್ತದೆ. 100 ಗ್ರಾಮಿನಲ್ಲಿ 190 ಕ್ಯಾಲೊರಿ, 14 ಗ್ರಾಂ ಬೆಲ್ಲ, 55 ಗ್ರಾಂ ಕುಂಬಳ. ಬೇಯುವಾಗಿನ ನಷ್ಟ ಕಳೆದರೂ ಚಿಕ್ಕ ಮಗುವಿನ ದಿನದ ಜೀವಸತ್ವ 'ಎ'ಯಲ್ಲಿ ಮೂರನೆಯ ಒಂದು ಪಾಲಿನಷ್ಟು ಇಷ್ಟರಲ್ಲೇ ದೊರೆಯುತ್ತದೆ. ತೆಂಗಿನ ತುರಿ ಕೇವಲ ರುಚಿಗಲ್ಲ. ಕ್ಯಾರೊಟೀನ್ ಕರಗುವುದು ಜಿಡ್ಡಿನಲ್ಲಿ, ಸ್ವಲ್ಪ ಜಿಡ್ಡಿದ್ದರೆ ಮಾತ್ರ ದೇಹ ಅದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಬೇಯಿಸುವುದರಿಂದ ಗಟ್ಟಿಯಾದ ಕೋಶಗಳು ಒಡೆದು ಅದು ಇನ್ನಷ್ಟು ಸುಲಭವಾಗಿ ಸಿಗುತ್ತದೆ. ಆದರೆ ತುರಿದದ್ದನ್ನು ಬಿಸಿಲಿಗೆ ಹರಡಿದರೆ ಬಣ್ಣ ಮಾಸುತ್ತದೆ, ಕ್ಯಾರೊಟೀನ್ ಹೋಗುತ್ತದೆ. ಒಣಗಿಸಲೇಬೇಕಾದರೆ ನೆರಳಿನಲ್ಲಿ.

ಬೆಲ್ಲದ ಬಗ್ಗೆ ಒಂದು ಭ್ರಮೆ ಬೇಡ. ಅದರಲ್ಲಿ ಒಂದಿಷ್ಟು ಖನಿಜ ಇರುವುದು ನಿಜ. 100 ಗ್ರಾಮಿಗೆ 383 ಕ್ಯಾಲೊರಿ ಇರುವುದೂ ನಿಜ. ಸಕ್ಕರೆ ಕಾಯಿಲೆಯವರಿಗೆ ಎರಡೂ ಒಂದೇ. ಅವರಿಗೆ ಕುಂಬಳದ ಪಲ್ಯವೋ ಹುಳಿಯೋ ಸರಿ, ಅದೂ ಮಿತವಾಗಿ.

ಪೇಟೆಗೆ ಹೋಗದ ಕುಂಬಳದ ಭಾಗಗಳಲ್ಲೂ ಸತ್ವವಿದೆ. ಎಳೆ ಸೊಪ್ಪಿನಲ್ಲಿ 100 ಗ್ರಾಮಿಗೆ ಸುಮಾರು 390 ಮಿಲಿಗ್ರಾಂ ಸುಣ್ಣದ ಅಂಶ, ನಾಲ್ಕೂವರೆ ಗ್ರಾಂ ಸಸಾರಜನಕ. ಬಳ್ಳಿಯಲ್ಲಿ ಗಂಡುಹೂಗಳೇ ಹೆಚ್ಚು. ಪರಾಗಸ್ಪರ್ಶಕ್ಕೆ ಸಾಕಷ್ಟು ಬಿಟ್ಟು ಉಳಿದವನ್ನು ಕೊಯ್ದು ಅಡಿಗೆಗೆ ಬಳಸಬಹುದು. ಹೆಣ್ಣುಹೂವಿನ ಕೆಳಗೆ ಪುಟ್ಟ ಕಾಯಿ ಇರುವುದರಿಂದ ಗುರುತಿಸುವುದು ಸುಲಭ. ಹೂ ಅರಳಿ ಜೇನುನೊಣ ಹಾರಾಡುವ ಬೆಳಗಿನ ಹೊತ್ತಿನಲ್ಲಿ ಔಷಧಿ ಸಿಂಪಡಿಸಬಾರದು, ಕಾಯಿ ಕಚ್ಚುವುದಿಲ್ಲ. ಬೀಜದ ತಿರುಳಿನಲ್ಲಿ ಶೇಕಡಾ 30ರಷ್ಟು ಸಸಾರಜನಕ, ಅರ್ಧದಷ್ಟು ಜಿಡ್ಡು, ಜೊತೆಗೆ ಸತು ಮತ್ತು ಮೆಗ್ನೀಷಿಯಂ. ಹಲ್ವಕ್ಕೆ ಗೋಡಂಬಿ ಕೊಳ್ಳುವ ಮನೆಯವರೇ ಕುಂಬಳದ ಬೀಜವನ್ನು ತಿಪ್ಪೆಗೆ ಎಸೆಯುತ್ತಾರೆ. ತೊಳೆದು ಒಣಗಿಸಿ ಹುರಿದರೆ ಮಕ್ಕಳು ಬಿಡಿಸಿಕೊಂಡು ತಿನ್ನುತ್ತಾರೆ. ಬಿತ್ತನೆಗೆಂದು ಔಷಧಿ ಲೇಪಿಸಿದ ಬೀಜವನ್ನು ಮಾತ್ರ ಬಾಯಿಗೆ ಹಾಕಬಾರದು. ಕಾಯಿ ಎಂದಾದರೂ ಕಹಿಯಾಗಿದ್ದರೆ ಬೆಲ್ಲ ಹೆಚ್ಚು ಹಾಕಿ ಮುಚ್ಚಿಡುವ ಪ್ರಯತ್ನ ಮಾಡದೆ ಎಸೆದುಬಿಡಬೇಕು. ಆ ಕಹಿ ವಿಷಕಾರಿ.

ಮಹಿಳಾ ಸಂಘದವರು ಕುಂಬಳದ ತಿಂಡಿ ಮಾಡಿ ಮಾರಲು ಯೋಚಿಸುತ್ತಿದ್ದರೆ ಆಹಾರ ಸುರಕ್ಷತಾ ಕಾಯ್ದೆಯಡಿ ಮೊದಲು ನೋಂದಣಿ ಮಾಡಿಸಿ, ಆ ಸಂಖ್ಯೆಯನ್ನು ಪೊಟ್ಟಣದ ಮೇಲೆ ಹಾಕಬೇಕು. ಮೈಸೂರಿನಲ್ಲಿ 1950ರಿಂದ ಇರುವ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ ಹತ್ತಿರದಲ್ಲೇ ಇರುವುದು ಈ ಭಾಗದವರ ಅನುಕೂಲ. ಸಂಸ್ಕರಣೆ ಮತ್ತು ಪೊಟ್ಟಣ ಕಟ್ಟುವುದರ ಬಗ್ಗೆ ಅಲ್ಲಿ ವಿಚಾರಿಸಬಹುದು. ಪೊಟ್ಟಣದ ಮೇಲೆ ಯಾವ ಕುಂಬಳ, ನೂರಕ್ಕೆ ಎಷ್ಟು ಪಾಲು ಎಂದು ಬರೆದರೆ ಪೇಟೆಯ ಹಲ್ವದಿಂದ ಅದು ಬೇರೆಯಾಗಿ ನಿಲ್ಲುತ್ತದೆ. ಆರಂಭಕ್ಕೆ ಕಡುಬಿಗಿಂತ ಕಡಿಮೆ ನೀರಿನ ತಿಂಡಿ ಆರಿಸುವುದು ಕ್ಷೇಮ. ಕಡುಬಿನಲ್ಲಿ ಸಕ್ಕರೆ ಕಡಿಮೆ, ತೇವ ಹೆಚ್ಚು. ಬೆಳಗ್ಗೆ ಮಾಡಿದ್ದನ್ನು ಅಂದೇ ಮಾರಿ ಮುಗಿಸಬೇಕು, ಉಳಿದದ್ದನ್ನು ಮರುದಿನದ ಬುಟ್ಟಿಗೆ ಸೇರಿಸಬಾರದು.